ಭಾವನಿಗೆ ಊರು ತೋರಿಸಿದ ಭಾನುವಾರ

ಆರು ಗಂಟೆಗೆ ಹೊರಡುವುದೆಂದು ಮಾತಾಗಿತ್ತು. ಇಮಾಂ ಸಾಬರು ಐದೂಮುಕ್ಕಾಲಿಗೇ ಬಾಡಿಗೆ ಕಾರನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿ, ಗಾಜು ಒರೆಸಿ, ನಾಲ್ಕೂ ಚಕ್ರ ಒದ್ದು ನೋಡಿ, ಜಗಲಿಯ ಮೇಲೆ ಕೂತು ಎರಡು ಬೀಡಿ ಮುಗಿಸಿದ್ದರು. ನಮ್ಮ ಭಾವ ನಂಜುಂಡಪ್ಪನವರು ಒಳಗಿನಿಂದ ಹೊರಗೆ ಬಂದಾಗ ಎಂಟೂಕಾಲು. ಕೋಟು, ಮಫ್ಲರು, ಕಂಕುಳಲ್ಲಿ ಛತ್ರಿ, ಕೈಯಲ್ಲಿ ನೋಟುಬುಕ್ಕು. ಬಂದವರೇ ಆಕಾಶ ನೋಡಿ, "ತಡ ಆಗ್ಹೋಯ್ತಲ್ಲಪ್ಪ ಪರಮೇಶಿ, ಬೇಗ ಹೊರಡ್ಬಾರ್ದಿತ್ತಾ?" ಎಂದರು. ನಾನು ಬಾಯಿ ಬಿಗಿ ಹಿಡಿದುಕೊಂಡೆ. ಇಡೀ ದಿನ ಬಾಯಿ ಬಿಗಿ ಹಿಡಿದುಕೊಂಡೇ ಇರಬೇಕೆಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಹೊಸ ಪೈಸೆ ಬಂದು ಒಂದು ವರ್ಷ ಕಳೆದಿತ್ತು. ನಾನು ಆಗ ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಪಹಣಿ ಬರೆಯುವ ಗುಮಾಸ್ತ. ನಂಜುಂಡಪ್ಪನವರು ನನ್ನ ಅಕ್ಕ ಶಾಂತಳ ಗಂಡ, ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅಕ್ಕ ಗೌರಿ ಹಬ್ಬಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ಆರು ತಿಂಗಳು. ಅವಳನ್ನು ಸೋಮವಾರ ಬೆಳಗಿನ ಶಿವಮೊಗ್ಗದ ಬಸ್ಸಿಗೆ ಹತ್ತಿಸಿ, ಅಲ್ಲಿಂದ ರೈಲಿನಲ್ಲಿ ಕರೆದುಕೊಂಡು ಹೋಗಲು ಭಾವ ಶುಕ್ರವಾರವೇ ಬಂದು ಇಳಿದಿದ್ದರು.

ಇದರಲ್ಲೇ ಇದ್ದದ್ದು ನಮ್ಮ ಮನೆಯ ಸಂಕಟ. ಎರಡು ವರ್ಷದ ಹಿಂದೆ ಅಕ್ಕ ಮೊದಲನೆಯ ಸಲ ಬಸುರಿಯಾಗಿದ್ದಾಗ, ಏಳಕ್ಕೆ ಬಿದ್ದ ಕೂಡಲೇ ತವರಿಗೆ ಕಳಿಸಿ ಎಂದು ಕೇಳಿದ್ದಳು. ಭಾವನ ತಾಯಿ ಒಳ್ಳೆಯ ದಿನ ನೋಡುತ್ತಾ ಕೂತರು. ನೋಡುತ್ತಿದ್ದಂತೆಯೇ ಎಂಟನೇ ತಿಂಗಳಲ್ಲಿ ಮೈಸೂರಿನಲ್ಲೇ ಹೆರಿಗೆಯಾಗಿ, ಮಗು ಮೂರು ದಿನ ಇದ್ದು ಹೋಯಿತು. ಚೊಚ್ಚಲ ಬಾಣಂತನ ತವರುಮನೆಯದು, ಆಮೇಲಿನದೆಲ್ಲ ಗಂಡನ ಮನೆಯದು ಎನ್ನುವುದು ಎರಡು ಕಡೆಯವರೂ ಒಪ್ಪಿಕೊಂಡು ಬಂದ ಪದ್ಧತಿ. ಈಗ ಭಾವನ ತಾಯಿ, 'ಚೊಚ್ಚಲು ಆಯಿತಲ್ಲ, ಇದು ಎರಡನೆಯದು, ನಮ್ಮಲ್ಲೇ ಆಗಲಿ' ಎಂದು ಕಾಗದ ಬರೆಸಿದ್ದರು. ಅದನ್ನು ಓದಿ ಹೇಳಿದಾಗ ಅವ್ವ ಕೂತಲ್ಲಿಂದ ಎದ್ದು ನಿಂತಳು. "ನಾನು ಎಣ್ಣೆ ಹಚ್ಚಿಲ್ಲ, ನೀರು ಹಾಕಿಲ್ಲ, ತೊಟ್ಟಿಲು ತೂಗಿಲ್ಲ. ಅದೆಂಥ ಚೊಚ್ಚಲು ಆತು? ನನಗ ಸರದಿ ಬ್ಯಾಡ, ಮಗಳು ಉಳೀಬೇಕು," ಎಂದಳು.

ಅಳಿಯನೊಂದಿಗೆ ಅತ್ತೆ ಎದುರು ನಿಂತು ವಾದ ಮಾಡುವ ಹಾಗಿಲ್ಲ. ನಮ್ಮ ಅಪ್ಪ ತೀರಿಕೊಂಡು ಆರು ವರ್ಷ. ಹೀಗಾಗಿ ಆ ಕೆಲಸ ನನ್ನ ಕುತ್ತಿಗೆಗೆ ಬಂತು. ಭಾವ ಬಂದ ದಿನವೇ, ಶಿಕಾರಿಪುರ, ಸೊರಬದ ಕಡೆ ನೋಡುವಂಥ ಜಾಗಗಳಿವೆಯಂತೆ, ಒಂದೇ ದಿನದಲ್ಲಿ ಎಲ್ಲ ನೋಡಿಬಿಡೋಣ ಎಂದು ಪಟ್ಟಿ ತೆಗೆದಿದ್ದರು: ಅಂಜನಾಪುರದ ಜಲಾಶಯ, ಚಂದ್ರಗುತ್ತಿಯ ಬೆಟ್ಟ, ಗುಡವಿಯ ಹಕ್ಕಿ ಕೆರೆ. ಅವ್ವ ನನ್ನನ್ನು ಹಿತ್ತಲಿಗೆ ಕರೆದು, "ಕೇಳಿದ್ದೆಲ್ಲ ತೋರಿಸು. ಖುಷಿಯಾಗಿ ಇಡು. ಮನಿಗೆ ಬರೂದ್ರೊಳಗ ಹೂಂ ಅನಿಸ್ಕೊಂಡು ಬಾ. ನಿಂದು ಮೂಗಿನ ತುದಿಗೇ ಸಿಟ್ಟು, ಅದನ್ನ ಇಲ್ಲೇ ಬಿಟ್ಟು ಹೋಗು," ಎಂದಳು. ಅಕ್ಕ ದಾರಿಗೆಂದು ಅವಲಕ್ಕಿ ಕಟ್ಟಿಕೊಟ್ಟಳು. "ಅವರಿಗೆ ಬೆಲ್ಲ ಆಗಂಗಿಲ್ಲ. ಹಾಕಿಲ್ಲ ಅಂತ ಹೇಳು," ಎಂದು ನನಗೆ ಹೇಳಿದಳು. ಆ 'ಅವರು' ನಾಲ್ಕು ಮಾರು ದೂರದಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು.

ಕಾರಿಗೆ ಮೈಲಿಗೆ ಎಂಟಾಣೆ. ಮೊದಲು ಅಂಜನಾಪುರ. ಒಳ್ಳೆಯ ಮಳೆಗಾಲವಾಗಿತ್ತು, ಕೆರೆ ತುಂಬಿ ಕೋಡಿ ಬಿದ್ದಿತ್ತು. ನೀರು ಕಲ್ಲಿನ ಮೇಲೆ ಬೆಳ್ಳಗೆ ಇಳಿಯುತ್ತಿತ್ತು. ಎದುರಿಗೆ ಕಣ್ಣು ಹಾಯುವಷ್ಟೂ ನೀರು, ಆಚೆ ಗುಡ್ಡ, ಕೆಳಗೆ ನಾಟಿ ಮುಗಿದ ಗದ್ದೆ. ಇದನ್ನು ನೋಡಿ ಸುಮ್ಮನೆ ನಿಲ್ಲದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಭಾವ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ಲೈಟ್ ಹಾಕಿಲ್ವಾ ಇದಕ್ಕೆ?" ಎಂದರು.

"ಲೈಟ್?"

"ಬಣ್ಣದ ಲೈಟು. ನಮ್ಮ ಕನ್ನಂಬಾಡೀಲಿ ಹಾಕಿದಾರೆ ನೋಡು, ಕಾರಂಜಿಗೆ."

ಬೆಳಿಗ್ಗೆ ಒಂಬತ್ತು ಗಂಟೆಗೆ ಬಣ್ಣದ ದೀಪ ಕೇಳಿದ ಮನುಷ್ಯನಿಗೆ ಏನು ಉತ್ತರ ಕೊಡುವುದು? ಇಮಾಂ ಸಾಬರು ಕೆಮ್ಮಿದಂತೆ ಮಾಡಿ ಆಚೆ ತಿರುಗಿದರು. ಭಾವ ನೋಟುಬುಕ್ಕು ತೆಗೆದು ಪೆನ್ಸಿಲಿನಲ್ಲಿ ಬರೆದರು. ಇಣುಕಿ ನೋಡಿದೆ. 'ಅಂಜನಾಪುರ, ನೂರಕ್ಕೆ ನಲವತ್ತೆರಡು.' ನೋಡಿದ್ದಕ್ಕೆಲ್ಲ ಅಂಕ ಕೊಡುವುದು ಅವರ ಅಭ್ಯಾಸ. ಹಿಂದಿನ ಪುಟಗಳಲ್ಲಿ ಚಾಮುಂಡಿ ಬೆಟ್ಟ, ಶಿವನಸಮುದ್ರ, ರಂಗನತಿಟ್ಟು, ತಲಕಾಡು ಎಲ್ಲ ಸಾಲಾಗಿ ಪಾಸಾಗಿ ನಿಂತಿದ್ದವು. ಕೆಲವು ಹೆಸರು ನಾಲ್ಕಾರು ಸಲ ಬಂದಿದ್ದವು.

ಒಳ್ಳೆಯ ಜಾಗ, ಒಳ್ಳೆಯ ಗಾಳಿ, ಕೇಳಿಯೇಬಿಡೋಣ ಎಂದು ನಾನು, "ಭಾವ, ಅಕ್ಕನ ವಿಷಯ..." ಎಂದು ಬಾಯಿ ತೆರೆದೆ.

"ಈ ಏರಿ ಎಷ್ಟು ಅಡಿ ಉದ್ದ ಇದೆ?" ಎಂದರು ಭಾವ.

"ಗೊತ್ತಿಲ್ಲ."

"ಇಲ್ಲೇ ಹುಟ್ಟಿ ಬೆಳೆದು ಗೊತ್ತಿಲ್ವೇನಯ್ಯ?" ಎಂದವರೇ ಹೆಜ್ಜೆ ಎಣಿಸುತ್ತಾ ಏರಿಯ ಮೇಲೆ ಹೊರಟುಬಿಟ್ಟರು. ಹೋಗುತ್ತಾ ಒಬ್ಬ ದನ ಕಾಯುವವನು ನಮಸ್ಕಾರ ಹೇಳಿದ್ದಕ್ಕೆ ಲೆಕ್ಕ ತಪ್ಪಿ, ವಾಪಸ್ ಬಂದು ಮೊದಲಿಂದ ಎಣಿಸಿದರು. ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಮನೆಯ ಅಳಿಯನನ್ನು ಬಿಟ್ಟು ಹೊರಡುವ ಹಾಗಿಲ್ಲವಾದ್ದರಿಂದ ನಾನು ಕಲ್ಲಿನ ಮೇಲೆ ಕೂತು ಬೆಲ್ಲವಿಲ್ಲದ ಅವಲಕ್ಕಿ ತಿಂದೆ.

ಶಿರಾಳಕೊಪ್ಪದ ರಸ್ತೆ ಆ ಮಳೆಗಾಲದಲ್ಲಿ ರಸ್ತೆಯಾಗಿ ಉಳಿದಿರಲಿಲ್ಲ. ಎತ್ತಿನ ಗಾಡಿಗಳು ಕೊರೆದ ಜಾಡಿನಲ್ಲಿ ಕಾರು ಎದ್ದು ಬಿದ್ದು ಹೋಗುತ್ತಿತ್ತು. ಭಾವ ಪ್ರತಿ ಗುಂಡಿಗೂ ಒಮ್ಮೆ 'ಅಯ್ಯಪ್ಪ' ಎನ್ನುತ್ತಾ, ಎರಡು ಗುಂಡಿಗಳ ನಡುವೆ ಮೈಸೂರಿನ ರಸ್ತೆಗಳನ್ನು ವರ್ಣಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಇಮಾಂ ಸಾಬರನ್ನು, "ಈಸೂರು ಇಲ್ಲೇ ಅಲ್ವೇನ್ರೀ? ನಲವತ್ತೆರಡರ ಗಲಾಟೆ ಆಯ್ತಲ್ಲ. ಅದನ್ನೂ ನೋಡ್ಕೊಂಡು ಹೋಗ್ಬೋದಾ?" ಎಂದು ಕೇಳಿದರು.

ಇಮಾಂ ಸಾಬರು ಮುಂದೆ ನೋಡುತ್ತಲೇ, "ಈ ದಾರಿಗೆ ಬರಂಗಿಲ್ರೀ. ಹೋದ್ರೂ ನೋಡಾಕ ಏನೈತ್ರೀ ಅಲ್ಲಿ, ಜನ ಅದಾರ," ಎಂದರು. ಭಾವ ಅದನ್ನು ಬರೆದುಕೊಳ್ಳಲಿಲ್ಲ.

ಶಿರಾಳಕೊಪ್ಪಕ್ಕೆ ಒಂದು ಮೈಲಿ ಇರುವಾಗ ಹಿಂದಿನ ಚಕ್ರ ಪಂಕ್ಚರ್ ಆಯಿತು. ಇಮಾಂ ಸಾಬರೂ ನಾನೂ ಕೆಸರಿನಲ್ಲಿ ಮಂಡಿಯೂರಿ ಚಕ್ರ ಬದಲಿಸಿದೆವು. ಭಾವ ಛತ್ರಿ ಬಿಚ್ಚಿ ಹುಣಸೆ ಮರದ ಕೆಳಗೆ ನಿಂತು, ಯಾವ ಬೋಲ್ಟನ್ನು ಮೊದಲು ಬಿಗಿಯಬೇಕು ಎಂದು ಸಲಹೆ ಕೊಟ್ಟರು. ನನ್ನ ಒಂದೇ ಒಂದು ಬಿಳಿ ಪೈಜಾಮ ಮೊಣಕಾಲಿನವರೆಗೆ ಕೆಂಪಾಯಿತು. ಊರೊಳಗೆ ಚಹಾದಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದೆವು. ಕಾಫಿ ಕೇಳಿದ ಭಾವನಿಗೆ ಅಂಗಡಿಯವನು ಚಹಾ ಕೊಟ್ಟು, "ಕಾಫಿ ಸೊರಬದಾಗ ಸಿಗತೈತ್ರೀ," ಎಂದ. ಭಾವ ಸೊರಬದವರೆಗೂ ಆ ಕಾಫಿಯ ವಿಷಯವನ್ನೇ ಮಾತಾಡಿದರು.

ಸೊರಬ ಮುಟ್ಟಿದಾಗ ಹನ್ನೆರಡೂವರೆ. ದಂಡಾವತಿ ಹೊಳೆ ಕೆಂಪಗೆ ಹರಿಯುತ್ತಿತ್ತು. ಬಸ್ಸು ನಿಲ್ಲುವ ಜಾಗದ ಹತ್ತಿರದ ಹೋಟೆಲಿನಲ್ಲಿ ಊಟ. ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ನೀರು ಮಜ್ಜಿಗೆ. ನನಗೆ ಹಸಿವಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಭಾವ ಒಂದೊಂದೇ ಅಗುಳನ್ನು ಬೆರಳಿನಲ್ಲಿ ಒತ್ತಿ ನೋಡಿ, "ಇದೇನಪ್ಪ ಇಷ್ಟು ದಪ್ಪ?" ಎಂದರು. ಬಡಿಸುವವನು ನನ್ನ ಮುಖ ನೋಡಿದ. ನಾನು ಎಲೆ ನೋಡಿದೆ. ಊಟಕ್ಕೆ ಇಪ್ಪತ್ತೆಂಟು ಅಂಕ. ಫೇಲ್.

ಮಜ್ಜಿಗೆ ಕುಡಿಯುವಾಗ ಎರಡನೆಯ ಸಲ ಕೇಳಿದೆ. ಈ ಸಲ ಅಡ್ಡ ಮಾತು ಬರುವ ಮೊದಲೇ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. "ಭಾವ, ಅಕ್ಕನ್ನ ಇಲ್ಲೇ ಬಿಟ್ಟು ಹೋಗ್ರಿ. ಹೆರಿಗೆ ನಮ್ಮನ್ಯಾಗ ಆಗ್ಲಿ. ಡಾಕ್ಟರು ಓಣಿ ತುದಿಗೇ ಅದಾರ. ಅವ್ವ ಅದಾಳ."

ಭಾವ ಲೋಟ ಕೆಳಗಿಟ್ಟರು. ಬಾಯೊರೆಸಿಕೊಂಡರು. "ಅಮ್ಮನ್ನ ಕೇಳ್ಬೇಕಪ್ಪ," ಎಂದರು.

"ನೀವೇನಂತೀರಿ?"

"ಅಮ್ಮನ್ನ ಕೇಳ್ದೆ ನಾನೇನು ಅನ್ನೋದು?" ಎಂದು ಎದ್ದು ಕೈ ತೊಳೆಯಲು ಹೋದರು. ಮೂವತ್ತಾರು ವರ್ಷದ ಮನುಷ್ಯ. ಮೈಸೂರಿನ ಅರ್ಧ ಹುಡುಗರಿಗೆ ಬೀಜಗಣಿತ ಕಲಿಸಿದವರು. ನನ್ನ ಪಿತ್ತ ನೆತ್ತಿಗೇರಿತು. ಅವ್ವನ ಮುಖ ನೆನಪಿಗೆ ತಂದುಕೊಂಡು ಎರಡು ಬಾಳೆಹಣ್ಣು ಕೊಂಡು ಅವರ ಕೈಗೆ ಕೊಟ್ಟೆ. "ಇದು ಚೆನ್ನಾಗಿದೆ," ಎಂದರು.

ಚಂದ್ರಗುತ್ತಿ ಸೊರಬದಿಂದ ಹತ್ತು ಮೈಲಿ. ದಾರಿಯ ಎರಡು ಕಡೆಯೂ ಕಾಡು ಒತ್ತಿಕೊಂಡು ಬರುತ್ತದೆ. ಬೆಟ್ಟ ಕಾಣುವುದಕ್ಕೆ ಮೊದಲೇ ಮಂಜು ಕಂಡಿತು. ಕೆಳಗೆ ಕಲ್ಲಿನ ಗುಹೆಯಲ್ಲಿ ಅಮ್ಮನವರ ಗುಡಿ ಇದೆ. ಕೈ ಮುಗಿದು ಮೇಲೆ ಹತ್ತತೊಡಗಿದೆವು. ಆ ಬೆಟ್ಟದ ಬಂಡೆ ದೊಡ್ಡದು ಎಂದರೆ ಸಾಲದು. ಮೇಲಿನ ಹಳೆಯ ಕೋಟೆಯ ಗೋಡೆಯನ್ನು ಜನ ಕಟ್ಟಿದರೋ ಬಂಡೆಯೇ ಹಾಗೆ ಎದ್ದಿತೋ ಎಂದು ತಿಳಿಯದ ಹಾಗೆ ಒಂದಕ್ಕೊಂದು ಕೂಡಿಕೊಂಡಿವೆ. ಅರ್ಧ ದಾರಿಯಲ್ಲಿ ಗಾಳಿ ಬೀಸಿ ಮಂಜು ಸರಿದು, ಕೆಳಗಿನ ಗದ್ದೆ, ಕೆರೆ, ಕಾಡು ಎಲ್ಲ ಒಮ್ಮೆಗೇ ತೆರೆದುಕೊಂಡಿತು. ನನಗೆ ಬೆಳಗಿನ ಸಿಟ್ಟೆಲ್ಲ ಒಂದು ಗಳಿಗೆ ಇಳಿದು ಹೋಯಿತು. ಭಾವ ಕೂಡ ಮಾತಿಲ್ಲದೆ ನಿಂತಿದ್ದರು. ಪರವಾಗಿಲ್ಲ, ಮನುಷ್ಯ ಕರಗುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಅವರು ತಮ್ಮ ಕಾಲು ನೋಡಿಕೊಂಡು ಕಿರುಚಿದರು.

ಉಂಬಳ. ಮಳೆಗಾಲದಲ್ಲಿ ಆ ಕಡೆಯ ಹುಲ್ಲಿನಲ್ಲಿ ಈ ಕಾಡು ಜಿಗಣೆಗಳು ಹೆಜ್ಜೆಗೆ ಹತ್ತು ಇರುತ್ತವೆ. ಬೂಟು ಬಿಚ್ಚಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ ಎಂದು ಇಮಾಂ ಸಾಬರು ಕೆಳಗೇ ಹೇಳಿದ್ದರು. ಭಾವ ಗುಡಿಯಲ್ಲಿ ಬಿಚ್ಚಿದ ಬೂಟನ್ನು, ಇನ್ನು ಕೆಸರಾದೀತೆಂದು, ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ಎರಡು ಕಾಲಿನಲ್ಲೂ ಸೇರಿ ಏಳು ಉಂಬಳ. "ತೆಗಿ ಪರಮೇಶಿ, ತೆಗಿ," ಎಂದು ಕುಣಿಯುತ್ತಿದ್ದವರನ್ನು ಬಂಡೆಯ ಮೇಲೆ ಕೂರಿಸಿ, ಇಮಾಂ ಸಾಬರು ಕೊಟ್ಟಿದ್ದ ತಂಬಾಕಿನ ಪುಡಿಯನ್ನು ಒದ್ದೆ ಮಾಡಿ ಹಚ್ಚಿ ಒಂದೊಂದಾಗಿ ಬಿಡಿಸಿದೆ. ಅವರ ಪಾದ ನನ್ನ ತೊಡೆಯ ಮೇಲಿತ್ತು. ಕಾಲು ಹಿಡಿದು ಕೇಳುವುದು ಎಂದರೆ ಇದಕ್ಕಿಂತ ಇನ್ನೇನು? ಮೂರನೆಯ ಸಲ ಕೇಳಿದೆ. "ಭಾವ, ಅಕ್ಕನ ವಿಷಯ ನೀವೇ ಮನಸ್ಸು ಮಾಡ್ಬೇಕು."

"ಮೊದ್ಲು ರಕ್ತ ನಿಲ್ಸಪ್ಪ," ಎಂದರು. ರಕ್ತ ನಿಂತ ಮೇಲೆ, "ಅಮ್ಮನಿಗೆ ಕಾಗದ ಬರೀತೀನಿ ಬಿಡು," ಎಂದರು. ಬೆಟ್ಟದ ತುದಿಯವರೆಗೆ ಹೋಗಲಿಲ್ಲ. ಅರವತ್ತೊಂದು ಅಂಕ ಕೊಟ್ಟು, ಉಂಬಳಕ್ಕೆಂದು ಹದಿನೈದು ಕಳೆದರು.

ಕಾರಿನಲ್ಲಿ ನಾನು ಕಿಟಕಿಯಾಚೆ ಮುಖ ಮಾಡಿ ಕೂತೆ. ಇಮಾಂ ಸಾಬರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಸೊರಬಕ್ಕೆ ವಾಪಸ್ ಬಂದು ಬನವಾಸಿಯ ರಸ್ತೆ ಹಿಡಿದು ಗುಡವಿ ಸೇರಿದಾಗ ನಾಲ್ಕು ದಾಟಿತ್ತು.

ಕೆರೆಗೆ ಇನ್ನೂ ಎರಡು ಫರ್ಲಾಂಗ್ ಇರುವಾಗಲೇ ಸದ್ದು ಕೇಳಿಸಿತು. ಹತ್ತು ಮದುವೆಮನೆಯ ಹೆಂಗಸರು ಒಟ್ಟಿಗೇ ಮಾತಾಡಿದಂತಿತ್ತು. ಹತ್ತಿರ ಹೋಗಿ ನೋಡಿದರೆ ಕೆರೆಯ ನಡುವೆ, ನೀರಿನೊಳಗಿಂದಲೇ ಎದ್ದ ಮರಗಳ ಗುಂಪು, ನಡುಗಡ್ಡೆಯ ಹಾಗೆ. ಮರದ ಎಲೆ ಕಾಣುತ್ತಿರಲಿಲ್ಲ, ಬರೀ ಹಕ್ಕಿ. ಬೆಳ್ಳಕ್ಕಿ, ನೀರುಕಾಗೆ, ಉದ್ದ ಕತ್ತಿನ ಹಾವಕ್ಕಿ, ಕಪ್ಪು ತಲೆಯ ಕೆಂಬರಲು. ಗೂಡಿನ ಪಕ್ಕ ಗೂಡು. ಮರಿಗಳು ಬಾಯಿ ತೆರೆದುಕೊಂಡು ಕೂಗುತ್ತಿದ್ದವು. ದಡದಲ್ಲಿ ಹರಿಗೋಲಿನ ಪಕ್ಕ ಒಬ್ಬ ಮುದುಕರು ಕಂಬಳಿ ಹೊದ್ದು ಕೂತಿದ್ದರು. ಹೆಸರು ಹುಚ್ಚಪ್ಪ. ಕೆರೆಯ ನೀರು ಬಿಡುವ ಕೆಲಸ ಅವರದು. ನಡುವಿನವರೆಗೆ ಕರೆದೊಯ್ಯುತ್ತೀರಾ ಎಂದು ಕೇಳಿದ್ದಕ್ಕೆ, "ಹೋಪ, ಆದ್ರೆ ಗಟ್ಟಿ ಮಾತಾಡ್ಬೇಡಿ ಮಾರಾಯ್ರೆ. ಹಕ್ಕಿ ಬೆದರಿ ಎದ್ರೆ ಮರಿ ನೀರಿಗೆ ಬೀಳ್ತವೆ. ಈ ನಾಲ್ಕು ತಿಂಗಳು ನಮ್ಮೂರಾಗೆ ಮದುವೆ ಆದ್ರೂ ವಾಲಗ ಊದ್ಸಲ್ಲ," ಎಂದರು.

ಇಮಾಂ ಸಾಬರು ದಡದಲ್ಲೇ ಉಳಿದರು. ನಾವು ಮೂವರು ಹರಿಗೋಲಿನಲ್ಲಿ ಹೊರಟೆವು. ಅದು ನೆಟ್ಟಗೆ ಹೋಗುವ ವಸ್ತುವಲ್ಲ. ಸುತ್ತುತ್ತಾ ಸುತ್ತುತ್ತಾ ಹೋಗುತ್ತದೆ. ಭಾವ ಅಂಚು ಹಿಡಿದುಕೊಂಡು ಕೂತಿದ್ದರು. ಮರಗಳ ಹತ್ತಿರ ಹೋದಾಗ, ಮೇಲೆ ಒಂದು ಗೂಡಿನಲ್ಲಿ ಕೆಂಬರಲು ಮರಿಯ ಬಾಯೊಳಗೆ ಕೊಕ್ಕು ಹಾಕಿ ಉಣ್ಣಿಸುವುದು ಕಂಡಿತು. ಅದನ್ನು ಒಂದು ಗಳಿಗೆ ನೋಡಿದ ಭಾವ, "ನಮ್ಮ ರಂಗನತಿಟ್ಟಿನಲ್ಲಿ ಇದಕ್ಕಿಂತ..." ಎಂದು ಶುರು ಮಾಡಿದರು.

ಆಗ ನನಗೆ ತಲೆ ಕೆಟ್ಟು ಹೋಯಿತು. ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ ಬಾಯಿಗೆ ಬಂತು. "ಸಾಕ್ ಮಾಡ್ರಿ ನಿಮ್ಮ ಮೈಸೂರು!" ಎಂದೆ.

"ಮೆಲ್ಲಗೆ," ಎಂದರು ಹುಚ್ಚಪ್ಪ.

ಜಗಳವನ್ನು ಪಿಸುಮಾತಿನಲ್ಲಿ ಆಡುವ ಕಷ್ಟ ಆಡಿದವರಿಗೇ ಗೊತ್ತು. ನಾನು ಹಲ್ಲು ಕಚ್ಚಿಕೊಂಡು ಹೇಳಿದೆ. "ಎರಡು ವರ್ಷದ ಹಿಂದೆ ಅಕ್ಕ ಕಳಿಸ್ರಿ ಅಂತ ಕೇಳಿದ್ಲು. ಅಮ್ಮನ್ನ ಕೇಳ್ಬೇಕು ಅಂದ್ರಿ. ಕೂಸು ಮಣ್ಣಾತು. ಈಗ ಮತ್ತ ಅದೇ ಮಾತು. ನಿಮಗ ಬಾಯಿ ಇಲ್ಲೇನು? ಅಕ್ಕನಿಗೆ ಏನಾರ ಆದ್ರ ಆಗ ಯಾರನ್ನ ಕೇಳ್ತೀರಿ?"

ಹರಿಗೋಲು ಒಂದು ಸುತ್ತು ತಿರುಗಿ ಅವರ ಮುಖ ನನ್ನ ಎದುರಿಗೆ ಬಂತು. ನನಗೆ ಬೈಗುಳ ಬೀಳುತ್ತದೆ, ಅವ್ವನ ಕೆಲಸ ಕೆಟ್ಟೇ ಹೋಯಿತು ಎಂದುಕೊಂಡೆ. ಭಾವನೂ ಪಿಸುಮಾತಿನಲ್ಲೇ ಹೇಳಿದರು. "ಅಮ್ಮನ್ನ ಕೇಳಿದ್ರೆ ಅವ್ಳು ಬೇಡ ಅಂತಾಳೆ ಅಂತ ಗೊತ್ತು ಕಣೋ. ಅದಕ್ಕೇ ಕೇಳ್ಬೇಕು ಅಂತೀನಿ."

"ಅಂದ್ರ?"

"ಶಾಂತಾನ ಇಲ್ಲಿ ಬಿಟ್ಟು ಹೋದ್ರೆ ಅವ್ಳು ಮತ್ತೆ ಬರಲ್ಲ."

ಅವರು ನೀರು ನೋಡುತ್ತಾ ಮಾತು ಮುಂದುವರಿಸಿದರು. "ಆ ಮಗೂನ ನಾನೇ ಎತ್ಕೊಂಡು ಹೋಗಿ ಮಣ್ಣು ಮಾಡಿ ಬಂದೆ. ಬಂದು ಬಾಗಿಲಲ್ಲಿ ನಿಂತಾಗ ಅವ್ಳು ನನ್ನ ನೋಡಿದ್ಳು. ಅದೇ ಕೊನೆ. ಅಡುಗೆ ಮಾಡ್ತಾಳೆ, ಬಡಿಸ್ತಾಳೆ, ಷರಟಿಗೆ ಗುಂಡಿ ಹಾಕ್ತಾಳೆ. ಕೇಳಿದ್ದಕ್ಕೆ ಹೂಂ, ಉಹೂಂ. ತಾನಾಗಿ ಒಂದು ಮಾತಿಲ್ಲ. ಭಾನುವಾರ ಬಂದ್ರೆ ಆ ಮನೇಲಿ ಕೂರಕ್ಕಾಗಲ್ಲ ಪರಮೇಶಿ. ಛತ್ರಿ ತಗೊಂಡು ಹೊರಟುಬಿಡ್ತೀನಿ. ಬೆಟ್ಟ, ಕೆರೆ, ಎಲ್ಲಾದ್ರೂ. ನಿಮ್ಮನೇಲೂ ಅದೇ. ಎರಡು ದಿನ ಕೂತೆ, ಆಗ್ಲಿಲ್ಲ."

ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಎದೆಯಲ್ಲೇ ನಿಂತಿತು. ಇಷ್ಟು ಹೊತ್ತು ಈ ಮನುಷ್ಯನನ್ನು ಬೈದುಕೊಂಡಿದ್ದೆಲ್ಲ ಸರಿಯೇ. ಈಗಲೂ ಒಂದೂ ಮಾತು ವಾಪಸ್ ತೆಗೆದುಕೊಳ್ಳುವ ಹಾಗಿರಲಿಲ್ಲ. ಆದರೂ ಪಾಪ ಎನಿಸಿತು. ಪಾಪ ಎನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಬರ್ತಾಳೋ ಬರಂಗಿಲ್ಲೋ ನನಗ ಗೊತ್ತಿಲ್ಲ ಭಾವ," ಎಂದೆ. "ನಾನು ಸುಳ್ಳು ಹೇಳಂಗಿಲ್ಲ. ಅಕ್ಕನ ಮನಸ್ನ್ಯಾಗ ಏನೈತಿ ಅಂತ ಅವ್ವನಿಗೂ ಗೊತ್ತಿಲ್ಲ. ಆದ್ರ ಅಂಜಿಕೆಗೆ ಆಕಿನ್ನ ಎಳ್ಕೊಂಡು ಹೋದ್ರ, ಮೈಸೂರಾಗಿದ್ರೂ ಆಕಿ ನಿಮ್ಮ ಪಾಲಿಗೆ ಇಲ್ಲ. ಹೇಳೂದಿದ್ರ ನನಗ ಬ್ಯಾಡ, ಅವ್ವನಿಗೂ ಬ್ಯಾಡ. ಅಕ್ಕನಿಗೇ ಹೇಳ್ರಿ. ನಿಮ್ಮಮ್ಮನ ಹೆಸರು ಮುಂದ ಹಿಡಿದು ಹೇಳಬ್ಯಾಡ್ರಿ."

ಹುಚ್ಚಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ದಡಕ್ಕೆ ಹೋಪನಾ?" ಎಂದರು. ಭಾವ ತಲೆಯಾಡಿಸಿದರು. ನೋಟುಬುಕ್ಕು ಕೋಟಿನ ಜೇಬಿನಲ್ಲೇ ಉಳಿಯಿತು.

ವಾಪಸ್ ಮೂವತ್ತೈದು ಮೈಲಿ. ಭಾವ ಗುಂಡಿಗಳಿಗೆ 'ಅಯ್ಯಪ್ಪ' ಎನ್ನಲಿಲ್ಲ. ಶಿರಾಳಕೊಪ್ಪ ದಾಟಿದ ಮೇಲೆ ಒಮ್ಮೆ, "ಡಾಕ್ಟರು ಓಣಿ ತುದೀಲೇ ಇದಾರೆ ಅಂದ್ಯಲ್ಲ, ಎಷ್ಟು ದೂರ?" ಎಂದು ಕೇಳಿದರು. ಇನ್ನೂರು ಹೆಜ್ಜೆ ಎಂದೆ. ನಾನು ಎಣಿಸಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಅದೊಂದನ್ನು ಅವರು ಅನುಮಾನವಿಲ್ಲದೆ ಒಪ್ಪಿಕೊಂಡರು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಬಾಗಿಲಲ್ಲೇ ಇದ್ದಳು. ನನ್ನ ಮುಖ ನೋಡಿ ಕಣ್ಣಲ್ಲೇ ಕೇಳಿದಳು. ನಾನು ಏನೂ ಇಲ್ಲವೆಂದು ತಲೆಯಾಡಿಸಿದೆ. ಅವಳ ಮುಖ ಸಣ್ಣದಾಯಿತು. ಭಾವ ಬೂಟು ಬಿಚ್ಚಿ, ಕಾಲು ತೊಳೆಯದೆ, ಹಾಗೇ ಒಳಗೆ ನಡೆದರು. ಅಕ್ಕ ನಡುಮನೆಯಲ್ಲಿ ಕೂತು ಲಾಟೀನಿನ ಗಾಜನ್ನು ಬೂದಿಯಿಂದ ಒರೆಸುತ್ತಿದ್ದಳು. ಅವ್ವನೂ ನಾನೂ ಬಾಗಿಲಲ್ಲಿ ನಿಂತಿದ್ದೇವೆಂದು ಅವರಿಗೆ ಗೊತ್ತಿತ್ತು.

"ಶಾಂತಾ," ಎಂದರು ಭಾವ. "ನೀನು ಇಲ್ಲೇ ಇರು. ಹೆರಿಗೆ ಇಲ್ಲೇ ಆಗ್ಲಿ."

ಅಕ್ಕ ಗಾಜು ಒರೆಸುತ್ತಲೇ ಇದ್ದಳು.

"ಅಮ್ಮನಿಗೆ ನಾನು ಹೇಳ್ತೀನಿ. ಹೋದ ಸಲಾನೂ ನಾನೇ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ತಪ್ಪು ನಂದು."

ಅಕ್ಕ ಗಾಜನ್ನು ಲಾಟೀನಿಗೆ ಕೂರಿಸಿದಳು. ಬತ್ತಿ ಹಚ್ಚಿ, ಎತ್ತಿ ಮೊಳೆಗೆ ನೇತು ಹಾಕಿ, ಒಂದು ಮಾತೂ ಆಡದೆ ಅಡುಗೆಮನೆಗೆ ಹೋದಳು. ಭಾವ ಅಲ್ಲೇ ನಿಂತರು. ಉಂಬಳ ಕಚ್ಚಿದ ಕಡೆ ಮತ್ತೆ ರಕ್ತ ಜಿನುಗಿ ಕಾಲುಚೀಲಕ್ಕೆ ಅಂಟಿತ್ತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಳಿಯನಿಗೆ ಬಿಸಿನೀರು ತರಲು ಹಿತ್ತಲಿಗೆ ಓಡಿದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ರಾತ್ರಿ ಊಟಕ್ಕೆ ಹೋಳಿಗೆ ಮಾಡಿದ್ದಳು. ಬೆಲ್ಲ ಆಗದ ಭಾವ ಏನನ್ನು ತಿನ್ನುತ್ತಿದ್ದೇನೆಂದು ನೋಡದೆ ಎರಡು ತಿಂದರು.

ಬೆಳಿಗ್ಗೆ ಏಳಕ್ಕೆ ಶಿವಮೊಗ್ಗದ ಬಸ್ಸು. ಭಾವನ ಚೀಲ ಹೊತ್ತು ನಾನು ಹೊರಟೆ. ಅಕ್ಕ ತಾನಾಗಿಯೇ ಚಪ್ಪಲಿ ಮೆಟ್ಟಿ ಹಿಂದೆ ಬಂದಳು. ದಾರಿಯುದ್ದಕ್ಕೂ ಭಾವ ಮುಂದೆ, ಅಕ್ಕ ಹಿಂದೆ, ನಡುವೆ ನಾನು. ಬೆಳಗ್ಗೆ ಬೆಳಗ್ಗೆ ಎಂಥ ಮೆರವಣಿಗೆಯಪ್ಪ ಎಂದು ನನಗೆ ಮತ್ತೆ ರೇಗಿತು. ಭಾವ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು. ಕಂಡಕ್ಟರ್ ಚೀಟಿ ಹರಿಯುತ್ತಿದ್ದ, ಡ್ರೈವರ್ ಎಂಜಿನ್ ಚಾಲೂ ಮಾಡಿದ. ಅಕ್ಕ ನನ್ನನ್ನು ದಾಟಿ ಕಿಟಕಿಯ ಹತ್ತಿರ ಹೋದಳು.

"ಮತ್ತ ಯಾವಾಗ ಬರ್ತೀರಿ?" ಎಂದಳು.

"ದಸರಾ ರಜೆಗೆ ಬರ್ತೀನಿ," ಎಂದರು ಭಾವ. ಮೈಸೂರಿನವರು ದಸರೆಗೆ ಮೈಸೂರು ಬಿಟ್ಟು ಬರುತ್ತೇನೆಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಸ್ಸು ಅಲುಗಿತು. ಅಕ್ಕ ಕಿಟಕಿಯ ಸರಳು ಹಿಡಿದುಕೊಂಡು ಅದರ ಜೊತೆ ನಾಲ್ಕು ಹೆಜ್ಜೆ ನಡೆದಳು.

"ಬಂದಾಗ ಊರು ನೋಡಾಕ ಹೋಗಬ್ಯಾಡ್ರಿ," ಎಂದಳು. "ಮನ್ಯಾಗ ಇರ್ರಿ."